ಫಿಲ್ಟರ್ ಕಾಫಿ ಕೈಕೊಟ್ಟಾಗ: ಪುಡಿಯನ್ನು ಬೈಯುವ ಮುಂಚೆ ನೋಡಬೇಕಾದದ್ದು

ಬೀಜ ತಂದು ಮನೆಯಲ್ಲೇ ಪುಡಿ ಮಾಡಿ, ಸ್ಟೀಲ್ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುವವರಿಗಾಗಿ ಈ ಬರಹ. ಕಾಫಿ ಕೆಟ್ಟರೆ ನಮ್ಮಲ್ಲಿ ಮೊದಲು ಬೈಸಿಕೊಳ್ಳುವುದು ಪುಡಿ. ‘ಈ ಸಲದ ಬೀಜ ಸರಿ ಇಲ್ಲ’ ಎಂದು ಅಂಗಡಿ ಬದಲಿಸುತ್ತೇವೆ, ಮುಂದಿನ ತಿಂಗಳು ಇನ್ನೊಂದು ಅಂಗಡಿ. ಆದರೆ ತೊಂದರೆ ಬಹಳ ಸಲ ಕೂತಿರುವುದು ಫಿಲ್ಟರಿನ ತೂತಿನಲ್ಲಿ, ನೀರಿನಲ್ಲಿ, ಇಲ್ಲವೇ ಪುಡಿ ಎಷ್ಟು ನುಣ್ಣಗಿದೆ ಅನ್ನುವುದರಲ್ಲಿ. ಈ ಮೂರನ್ನೂ ಕಾಸು ಖರ್ಚಿಲ್ಲದೆ ನೋಡಬಹುದು. ಬೀಜದ ಸರದಿ ಕೊನೆಗೆ.

ಒಂದು ಅಳತೆ ಇಟ್ಟುಕೊಳ್ಳದಿದ್ದರೆ ಯಾವ ದೋಷವೂ ಕೈಗೆ ಸಿಗುವುದಿಲ್ಲ. 30 ಗ್ರಾಂ ಪುಡಿ, 200 ಮಿ.ಲೀ. ನೀರು ಎಂದು ಇಟ್ಟುಕೊಳ್ಳೋಣ. ತಕ್ಕಡಿ ಇಲ್ಲದಿದ್ದರೆ ತಲೆತುಂಬ ನಾಲ್ಕು ಟೇಬಲ್ ಚಮಚ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ, ಹಾಗಾಗಿ ಕೆಳಗೆ ಸಿಗುವುದು ಹೆಚ್ಚುಕಡಿಮೆ 140 ಮಿ.ಲೀ. ‘ಹಾಕಿದಷ್ಟು ಇಳಿಯಲಿಲ್ಲ’ ಅನ್ನುವುದು ದೋಷವಲ್ಲ. ಇಳಿಯಲು 15ರಿಂದ 20 ನಿಮಿಷ, ಚಿಕೋರಿ ಇದ್ದರೆ ಇನ್ನೂ ಸ್ವಲ್ಪ. ಪರೀಕ್ಷೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನೀರು, ಪುಡಿ, ಹಾಲು ಮೂರನ್ನೂ ಒಟ್ಟಿಗೆ ಬದಲಿಸಿದರೆ ಕಾಫಿ ಸರಿಹೋಗಬಹುದು, ಯಾಕೆ ಸರಿಹೋಯಿತು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ನೀರು ಮೇಲೇ ನಿಂತಿದೆ, ಕೆಳಗೆ ಹನಿಯೂ ಇಲ್ಲ

ಎಲ್ಲರ ಮನೆಯಲ್ಲೂ ಆಗುವ ತೊಂದರೆ ಇದು. ಅದೂ ನೆಂಟರು ಬಂದು ಕೂತಿರುವಾಗ.

ಮೊದಲು ಗಾಳಿ ನೋಡಿ. ಮೇಲಿನ ಪಾತ್ರೆ ಕೆಳಗಿನದರ ಬಾಯಿಗೆ ಬಿಗಿಯಾಗಿ ಕೂತುಬಿಟ್ಟರೆ ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ, ಡಿಕಾಕ್ಷನ್ನಿಗೆ ಒಳಗೆ ಬರಲು ಜಾಗವಿಲ್ಲ. ದಪ್ಪ ಬಟ್ಟೆ ಹಿಡಿದು ಮೇಲಿನ ಪಾತ್ರೆಯನ್ನು ಕೂದಲೆಳೆಯಷ್ಟು ಎತ್ತಿ, ಸ್ವಲ್ಪ ತಿರುಗಿಸಿ ಮತ್ತೆ ಕೂರಿಸಿ. ಟಪ್ ಟಪ್ ಎಂದು ಹನಿ ಶುರುವಾಯಿತೋ, ಕೆಲಸ ಮುಗಿಯಿತು. ಮುಂದಿನ ಸಲದಿಂದ ಒತ್ತಿ ಕೂರಿಸಬೇಡಿ, ಸಡಿಲವಾಗಿ ಇಟ್ಟರೆ ಸಾಕು. ಎತ್ತುವಾಗ ಪಾತ್ರೆಯನ್ನು ಓರೆ ಮಾಡಬೇಡಿ. ಮೇಲೆ ಕುದಿಯುವ ನೀರಿದೆ, ಫಿಲ್ಟರ್ ಉದ್ದ, ಭಾರವೆಲ್ಲ ತಲೆಯಲ್ಲಿ.

ಗಾಳಿಯಲ್ಲದಿದ್ದರೆ ತೂತು. ಫಿಲ್ಟರನ್ನು ತೊಳೆದು, ಪುಡಿ ಹಾಕದೆ, ಮೇಲಿನ ಪಾತ್ರೆಗೆ ಒಂದು ಲೋಟ ತಣ್ಣೀರು ಸುರಿಯಿರಿ. ನೀರು ಧಾರೆಯಾಗಿ ಸುರಿದುಹೋಗಬೇಕು. ಹನಿಹನಿಯಾಗಿ ಬಿದ್ದರೆ ತೂತು ಕಟ್ಟಿದೆ. ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಕಟ್ಟಿದ ಜಾಗ ಕಪ್ಪಗೆ ಕಾಣುತ್ತದೆ, ಸಾಮಾನ್ಯವಾಗಿ ಅಂಚಿನ ಸುತ್ತ, ತೊಳೆಯುವಾಗ ಬೆರಳು ಹೋಗದ ಕಡೆ.

ಕಟ್ಟಿರುವುದು ಏನು ಅನ್ನುವುದರ ಮೇಲೆ ಮದ್ದು. ಕಂದುಬಣ್ಣದ ಜಿಡ್ಡಾದರೆ ಕಾಫಿಯ ಎಣ್ಣೆ ಮತ್ತು ಸಣ್ಣ ಪುಡಿ: ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಳದ ಹೊರಬದಿಯಿಂದ ಉಜ್ಜಿ. ಒಳಬದಿಯಿಂದ ಉಜ್ಜಿದರೆ ಕಸ ತೂತಿಗೇ ಇಳಿಯುತ್ತದೆ. ಬಿಳಿ ಪದರವಾದರೆ ಅದು ಬೋರ್‌ವೆಲ್ ನೀರಿನ ಸುಣ್ಣ. ಅದಕ್ಕೆ ಸೋಡ ನಾಟುವುದಿಲ್ಲ, ನಿಂಬೆರಸವೋ ವಿನೆಗರೋ ಹಾಕಿದ ಬಿಸಿನೀರು ಬೇಕು. ಹೊಲಿಗೆ ಸೂಜಿಯಿಂದ ತೂತು ಚುಚ್ಚುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಒಂದೆರಡು ಸಲ ಪರವಾಗಿಲ್ಲ, ಆದರೆ ತೂತು ಅಗಲವಾದರೆ ಮತ್ತೆ ಚಿಕ್ಕದು ಮಾಡಲು ಬರುವುದಿಲ್ಲ.

ಮೇಲಿನ ಪಾತ್ರೆಯನ್ನು ಗ್ಯಾಸ್ ಉರಿಯ ಮೇಲೆ ಹಿಡಿದು ತೂತು ಸುಡುವ ಪದ್ಧತಿಯೂ ಇದೆ. ಸ್ಟೀಲಿಗೆ ಅದು ಕೆಲಸ ಮಾಡುತ್ತದೆ. ಇಕ್ಕಳದಲ್ಲಿ ಹಿಡಿದು ಅರ್ಧ ನಿಮಿಷ, ಪೂರ್ತಿ ಆರಿದ ಮೇಲೆ ತೊಳೆಯುವುದು. ಸ್ಟೀಲ್ ಸ್ವಲ್ಪ ನೀಲಿಗಟ್ಟಬಹುದು, ತೊಂದರೆಯಿಲ್ಲ. ಕಲಾಯಿ ಹಾಕಿದ ಹಿತ್ತಾಳೆ ಫಿಲ್ಟರಿಗೆ ಮಾತ್ರ ಈ ಕೆಲಸ ಖಂಡಿತ ಬೇಡ. ಕಲಾಯಿ ಅಂದರೆ ತವರ, ತವರ ಕರಗುವುದು 232 ಡಿಗ್ರಿಯಲ್ಲಿ. ಖಾಲಿ ಪಾತ್ರೆ ಉರಿಯ ಮೇಲೆ ಆ ಶಾಖ ಮುಟ್ಟಲು ಹೆಚ್ಚು ಹೊತ್ತು ಬೇಡ. ಹಿತ್ತಾಳೆಯ ಮಾತು ಬಂತಲ್ಲ, ಅಜ್ಜಿಯ ಕಾಲದ ಫಿಲ್ಟರನ್ನು ಅಟ್ಟದಿಂದ ಇಳಿಸಿದ್ದರೆ ಒಳಗೆ ಕಲಾಯಿ ಸವೆದು ಹಳದಿ ಕಾಣುತ್ತಿದೆಯೇ, ಹಸಿರು ಕಿಲುಬಿದೆಯೇ ನೋಡಿ. ಇದ್ದರೆ ಅದರಲ್ಲಿ ಕಾಫಿ ಬೇಡ. ಡಿಕಾಕ್ಷನ್ ಆಮ್ಲೀಯ, ಲೋಹವನ್ನು ತಿನ್ನುತ್ತದೆ. ಹೊಸದಾಗಿ ಕಲಾಯಿ ಹಾಕಿಸಿ, ಇಲ್ಲವೇ ಶೋಕೇಸಿನಲ್ಲಿಡಿ.

ತೂತೂ ಸರಿಯಿದ್ದರೆ ಉಳಿದದ್ದು ಪುಡಿ. ಎರಡು ಬೆರಳ ನಡುವೆ ಉಜ್ಜಿ ನೋಡಿ. ಚಿರೋಟಿ ರವೆಗಿಂತ ಒಂದು ಮಟ್ಟ ಸಣ್ಣ, ಆದರೆ ಕಾಳು ಕೈಗೆ ತಿಳಿಯಬೇಕು. ಬೆರಳಿನ ಗೆರೆಗಳಲ್ಲಿ ಅಂಟಿ ಕೂತರೆ ಅತಿ ನುಣ್ಣಗಾಗಿದೆ. ಒತ್ತುವ ಬಿಲ್ಲೆಯನ್ನು ಹೆಬ್ಬೆರಳಿಂದ ಗಟ್ಟಿಯಾಗಿ ಅದುಮುವವರೂ ಇದ್ದಾರೆ. ಮೃದುವಾಗಿ ಮಟ್ಟ ಮಾಡಿದರೆ ಸಾಕು, ಮಿಕ್ಕ ಒತ್ತಡವನ್ನು ನೀರಿನ ಭಾರ ಕೊಡುತ್ತದೆ.

ಚಿಕೋರಿ ಇನ್ನೊಂದು ಕಾರಣ. ಅದು ಬೇರಿನ ಪುಡಿ. ನೀರು ಕುಡಿದು ಊದಿಕೊಂಡು ತೂತಿನ ಮೇಲೆ ಮುದ್ದೆಯಾಗುತ್ತದೆ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಶೇಕಡಕ್ಕಿಂತ ಕಡಿಮೆ ಇರಬಾರದು ಎಂಬುದು ನಿಯಮ, ಅಂದರೆ 49ರವರೆಗೂ ಚಿಕೋರಿ ಇರಬಹುದು. ಪೊಟ್ಟಣದ ಮೇಲೆ ಎಷ್ಟೆಂದು ಬರೆದಿರುತ್ತದೆ, ಓದಿ. ಬಿಡಿಯಾಗಿ ತಂದ ಪುಡಿಯ ಬಗ್ಗೆ ಅನುಮಾನವಿದ್ದರೆ ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಿಟಿಕೆ ಉದುರಿಸಿ, ಕಲಕಬೇಡಿ. ಕಾಫಿ ತೇಲುತ್ತದೆ. ಚಿಕೋರಿ ಕೆಲವೇ ಸೆಕೆಂಡಿನಲ್ಲಿ ಕಂದು ಗೆರೆ ಬಿಡುತ್ತಾ ತಳಕ್ಕಿಳಿಯುತ್ತದೆ.

ನಿಂತುಹೋದ ಫಿಲ್ಟರಿಗೆ ಬಾಯಿಟ್ಟು ಊದಬೇಡಿ, ಮೇಲಿಂದ ಬಿಲ್ಲೆಯನ್ನು ಚಮಚದಲ್ಲಿ ಕುಟ್ಟಬೇಡಿ. ಬಿಸಿ ಗಸಿ ಮುಖಕ್ಕೆ ಹಾರುತ್ತದೆ. ಆ ಹೊತ್ತಿನ ಕಾಫಿ ಆಗಲೇಬೇಕು ಅಂದರೆ ಎಲ್ಲವನ್ನೂ ಒಂದು ಪಾತ್ರೆಗೆ ಸುರಿದು, ಬಿಲ್ಲೆ ತೆಗೆದು, ಮುಚ್ಚಿ ಐದು ನಿಮಿಷ ಬಿಟ್ಟು ಶುಭ್ರವಾದ ಬಟ್ಟೆಯಲ್ಲಿ ಸೋಸಿ. ಬಟ್ಟೆಯಲ್ಲಿ ಸೋಸಿದ ಕಾಫಿಯೇನೂ ಕೀಳಲ್ಲ.

ಸರಸರ ಇಳಿಯಿತು, ಆದರೆ ಬರೀ ಕಂದು ನೀರು

ಎರಡೇ ನಿಮಿಷದಲ್ಲಿ ಎಲ್ಲ ಕೆಳಗಿದೆ, ಹಾಲಿಗೆ ಹಾಕಿದರೆ ಬಣ್ಣವೇ ಏರುವುದಿಲ್ಲ. ಮೊದಲು ಅಳತೆ ನೋಡಿ. ನಾಲ್ಕು ಜನಕ್ಕೆ ಆಗುವ ದೊಡ್ಡ ಫಿಲ್ಟರಿನಲ್ಲಿ ಇಬ್ಬರಿಗಾಗುವಷ್ಟು ಪುಡಿ ಹಾಕಿದರೆ ಪುಡಿಯ ಪದರ ತೆಳುವಾಗಿ ನೀರು ನಿಲ್ಲದೆ ಓಡುತ್ತದೆ. ಇಬ್ಬರಿದ್ದರೆ ಚಿಕ್ಕ ಫಿಲ್ಟರ್ ಕೊಳ್ಳಿ. ಇದರಲ್ಲಿ ಉಳಿತಾಯದ ಉಪಾಯ ಬೇರೆ ಇಲ್ಲ.

ಆಮೇಲೆ ಬಿಲ್ಲೆ. ಬಿಲ್ಲೆ ಹಾಕದೆ ನೇರ ಪುಡಿಯ ಮೇಲೆ ನೀರು ಸುರಿದರೆ ಧಾರೆ ಬಿದ್ದ ಕಡೆ ಗುಳಿ ಬಿದ್ದು, ನೀರು ಅಲ್ಲಿಂದಲೇ ದಾರಿ ಮಾಡಿಕೊಳ್ಳುತ್ತದೆ. ಇಳಿದ ಮೇಲೆ ಚರಟವನ್ನು ನೋಡಿದರೆ ಇದು ಗೊತ್ತಾಗುತ್ತದೆ: ಒಂದು ಕಡೆ ಗುಳಿ, ಇನ್ನೊಂದು ಕಡೆ ಒಣಗಿದ ಪುಡಿ. ಚರಟ ಮಟ್ಟಸವಾಗಿ, ಎಲ್ಲ ಕಡೆ ಒಂದೇ ಸಮ ಒದ್ದೆಯಾಗಿದ್ದರೆ ದೋಷ ಸುರಿಯುವುದರಲ್ಲಿಲ್ಲ, ಪುಡಿ ದಪ್ಪವಿದೆ.

ಬೀಜ ತೀರಾ ಹೊಸದಾಗಿ ಹುರಿದದ್ದಾದರೂ ಹೀಗಾಗುತ್ತದೆ, ಇದು ಹಲವರಿಗೆ ತಿಳಿದಿಲ್ಲ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಸಿಕ್ಕಿಕೊಂಡಿರುತ್ತದೆ. ಬಿಸಿನೀರು ಬಿದ್ದೊಡನೆ ಅದು ಗುಳ್ಳೆಗುಳ್ಳೆಯಾಗಿ ಹೊರಟು ಪುಡಿಯನ್ನು ಉಬ್ಬಿಸಿ ಬಿಲ್ಲೆಯನ್ನೇ ಎತ್ತುತ್ತದೆ. ಪುಡಿಗೆ ನೀರು ಹಿಡಿಯುವುದೇ ಇಲ್ಲ. ಮೊದಲು ಪುಡಿ ನೆನೆಯುವಷ್ಟೇ, ಸುಮಾರು ಕಾಲು ಲೋಟ ನೀರು ಹಾಕಿ ಅರ್ಧ ನಿಮಿಷ ಬಿಡಿ. ಗುಳ್ಳೆ ಅಡಗಿದ ಮೇಲೆ ಮಿಕ್ಕಿದ್ದನ್ನು ಸುರಿಯಿರಿ. ಹುರಿದ ಬೀಜವನ್ನು ನಾಲ್ಕೈದು ದಿನ ಬಿಟ್ಟು ಪುಡಿ ಮಾಡಿದರೆ ಈ ರಗಳೆಯೇ ಇಲ್ಲ.

ಎಲ್ಲಾ ನೋಡಿಯೂ ತೆಳ್ಳಗೇ ಬಂದರೆ, ಇಳಿದ ಡಿಕಾಕ್ಷನ್ನನ್ನು ಒಲೆಯ ಮೇಲಿಟ್ಟು ಕುದಿಸಿ ಗಟ್ಟಿ ಮಾಡಲು ಹೋಗಬೇಡಿ. ಗಟ್ಟಿಯಾಗುವುದು ಕಹಿ ಮಾತ್ರ.

ಕಹಿ, ಸುಟ್ಟ ವಾಸನೆ, ನಾಲಿಗೆ ಒರಟು

ಮೊದಲ ಪ್ರಶ್ನೆ: ಡಿಕಾಕ್ಷನ್ನನ್ನು ಮತ್ತೆ ಕಾಯಿಸಿದಿರಾ? ಬೆಳಗಿನದನ್ನು ಸಂಜೆ ಸ್ಟವ್ ಮೇಲಿಟ್ಟು ಬಿಸಿ ಮಾಡಿದರೆ ಘಮವೆಲ್ಲ ಹಾರಿ ಕಹಿ ಉಳಿಯುತ್ತದೆ. ಡಿಕಾಕ್ಷನ್ ತಣ್ಣಗಿದ್ದರೆ ಹಾಲನ್ನು ಉಕ್ಕು ಬರುವಂತೆ ಕಾಯಿಸಿ ಅದರ ಮೇಲೆ ಸುರಿಯಿರಿ, ಇಲ್ಲವೇ ಡಿಕಾಕ್ಷನ್ ಪಾತ್ರೆಯನ್ನು ಬಿಸಿನೀರಿನಲ್ಲಿ ಇಡಿ.

ಎರಡನೆಯದು, ಎರಡನೇ ಡಿಕಾಕ್ಷನ್. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಇಳಿಸಿದ್ದು ಒಗರಾಗಿಯೇ ಇರುತ್ತದೆ. ಒಳ್ಳೆಯದೆಲ್ಲ ಮೊದಲ ಸಲವೇ ಬಂದಾಗಿದೆ. ಮೊದಲನೆಯದಕ್ಕೆ ಸ್ವಲ್ಪ ಬೆರೆಸಿದರೆ ನಡೆಯುತ್ತದೆ, ಅದನ್ನೇ ಕುಡಿದು ‘ಬೀಜ ಕಹಿ’ ಅನ್ನುವುದು ನ್ಯಾಯವಲ್ಲ.

ನೀರು ಅತಿ ಬಿಸಿಯಾಗಿ ಕಾಫಿ ಸುಟ್ಟಿತು ಎಂಬ ಮಾತು ಕೇಳಿರುತ್ತೀರಿ. ಕಾಫಿಗೆ ಒಪ್ಪುವ ಶಾಖ 90ರಿಂದ 96 ಡಿಗ್ರಿ. ಮಂಗಳೂರಿನಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಮ್ಮಿ. ಹಾಗಾಗಿ ಘಟ್ಟದ ಮೇಲಿನವರು ಕುದಿಯುವ ನೀರನ್ನು ಹಾಗೇ ಸುರಿಯಬಹುದು. ಕರಾವಳಿಯವರು ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟು ಸುರಿದರೆ ಸಾಕು.

ಇಷ್ಟಾದ ಮೇಲೆ ಹುರಿತ ನೋಡಿ. ಬೀಜ ಕಪ್ಪಗೆ, ಎಣ್ಣೆ ಹೊಳೆಯುತ್ತಿದ್ದರೆ ಕಡುಹುರಿತ. ಆ ಕಹಿ ಬೀಜದಲ್ಲೇ ಇದೆ, ಫಿಲ್ಟರನ್ನು ಎಷ್ಟು ತೊಳೆದರೂ ಹೋಗುವುದಿಲ್ಲ. ಮೇಲೆ ಹೊಳಪಿಲ್ಲದ ಕಂದು ಬೀಜ ಕಹಿ ಕೊಡುತ್ತಿದ್ದರೆ ಪುಡಿ ನುಣ್ಣಗಾಗಿ ನೀರಿನ ಜತೆ ಹೆಚ್ಚು ಹೊತ್ತು ನಿಂತಿದೆ ಎಂದರ್ಥ. ಒಂದು ಮಟ್ಟ ದಪ್ಪ ಮಾಡಿ. ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಎಂದು ಎರಡು ಮುಖ್ಯ ಜಾತಿ. ರೊಬಸ್ಟಾ ಪಾಲು ಹೆಚ್ಚಿದ್ದರೂ ಕಹಿ ಮತ್ತು ಒರಟು ಬರುತ್ತದೆ, ಅದು ದೋಷಕ್ಕಿಂತ ರುಚಿಯ ಪ್ರಶ್ನೆ. ಹಾಲು ಹೆಚ್ಚು ಹಾಕುವವರಿಗೆ ಸ್ವಲ್ಪ ರೊಬಸ್ಟಾ ಬೇಕೇ ಬೇಕು, ಇಲ್ಲದಿದ್ದರೆ ಕಾಫಿ ಹಾಲಿನಲ್ಲಿ ಕಳೆದುಹೋಗುತ್ತದೆ. ನನ್ನ ಮಟ್ಟಿಗೆ ಚಿಕೋರಿಗಿಂತ ಅದು ಮೇಲು.

ಹುಳಿ

ಹುಳಿ ಎರಡು ಥರ. ಇಳಿಸಿದ ತಕ್ಷಣವೇ ಇರುವ, ಹಣ್ಣಿನ ಹುಳಿಯಾದರೆ ಬೀಜ ಕಡಿಮೆ ಹುರಿದಿದೆ, ಇಲ್ಲವೇ ನೀರು ಸಾಕಷ್ಟು ಬಿಸಿಯಿರಲಿಲ್ಲ. ನೀರು ಕುದಿಸಿ ಫೋನಿನಲ್ಲಿ ಮಾತಾಡಿ ಬಂದು ಸುರಿದರೆ ಆಗುವುದು ಇದೇ. ಸ್ಟೀಲ್ ಫಿಲ್ಟರ್ ತಾನೂ ಶಾಖ ಹೀರುತ್ತದೆ, ಚಳಿಗಾಲದಲ್ಲಿ ಒಮ್ಮೆ ಬಿಸಿನೀರಿನಲ್ಲಿ ತೊಳೆದು ಪುಡಿ ಹಾಕಿ, ಮುಚ್ಚಳ ಮುಚ್ಚಿಡಿ. ಚಿಕ್ಕಮಗಳೂರಿನ ಒಳ್ಳೆಯ ಅರೇಬಿಕಾವನ್ನು ತಿಳಿಯಾಗಿ ಹುರಿದು ತಂದಿದ್ದರೆ ಆ ಹುಳಿ ಅದರ ಗುಣ. ಹಾಲಿಲ್ಲದೆ ಕುಡಿಯುವವರು ಅದಕ್ಕೇ ಹೆಚ್ಚು ದುಡ್ಡು ಕೊಡುತ್ತಾರೆ. ಹಾಲು–ಸಕ್ಕರೆಯ ಲೋಟಕ್ಕೆ ಅದು ಒಗ್ಗುವುದಿಲ್ಲ, ಅಷ್ಟೇ.

ನಿನ್ನೆಯ ಡಿಕಾಕ್ಷನ್ ಹುಳಿಯಾಗಿ, ಮೇಲೆ ಪೊರೆಯೋ ಗುಳ್ಳೆಯೋ ಕಂಡರೆ ರುಚಿ ನೋಡುವುದೂ ಬೇಡ, ಚೆಲ್ಲಿ. ಬೇಸಿಗೆಯಲ್ಲಿ ಹೊರಗಿಟ್ಟ ಡಿಕಾಕ್ಷನ್ನನ್ನು ಮಾರನೆಯ ದಿನಕ್ಕೆ ನಂಬಬಾರದು. ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಒಂದು ದಿನ.

ಘಮವೇ ಇಲ್ಲ, ಸಪ್ಪೆ

ಪುಡಿ ಹಳತಾಗಿದೆಯೇ ಎಂದು ನೋಡುವುದು ಸುಲಭ. ಫಿಲ್ಟರಿಗೆ ಮೊದಲ ನೀರು ಹಾಕುವಾಗ ಗಮನಿಸಿ: ಗುಳ್ಳೆ ಎದ್ದು ಪುಡಿ ಉಬ್ಬಿದರೆ ಜೀವವಿದೆ, ಮಣ್ಣಿನ ಮೇಲೆ ನೀರು ಸುರಿದ ಹಾಗೆ ಸುಮ್ಮನಿದ್ದರೆ ಮುಗಿದಿದೆ. ಬೀಜಕ್ಕಾದರೆ ಒಂದು ಹಿಡಿಯನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ ಗಾಳಿ ಒತ್ತಿ ತೆಗೆದು ರಾತ್ರಿ ಬಿಡಿ. ಬೆಳಿಗ್ಗೆ ಕವರ್ ಊದಿದ್ದರೆ ಬೀಜ ಹೊಸದು.

ಬೀಜವಾಗಿ ಇದ್ದರೆ ಮೂರು ನಾಲ್ಕು ವಾರ ಚೆನ್ನಾಗಿರುತ್ತದೆ. ಪುಡಿ ಮಾಡಿದ ಕ್ಷಣದಿಂದ ಇಳಿಯಲು ಶುರು, ಒಂದು ವಾರದಲ್ಲಿ ವ್ಯತ್ಯಾಸ ಮೂಗಿಗೇ ತಿಳಿಯುತ್ತದೆ. ಒಲೆಯ ಪಕ್ಕದ ಕಪಾಟಿನಲ್ಲಿ ಡಬ್ಬಿ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ಫ್ರಿಜ್ಜಿನಲ್ಲಿಟ್ಟು ದಿನಾ ತೆಗೆದು ಮುಚ್ಚಿದರೂ ತಣ್ಣನೆಯ ಪುಡಿಯ ಮೇಲೆ ತೇವ ಕೂರುತ್ತದೆ.

ಪುಡಿ ಹೊಸದಾಗಿದ್ದೂ ಸಪ್ಪೆಯಾದರೆ ನೀರನ್ನು ಅನುಮಾನಿಸಿ. ನಲ್ಲಿಯಲ್ಲಿ ಕಾವೇರಿ ನಿಂತು ಟ್ಯಾಂಕರ್ ಬಂದ ವಾರದಿಂದಲೇ ಕಾಫಿ ಕೆಟ್ಟಿತೇ? ಕೆಟಲಿನ ತಳದಲ್ಲಿ ಬಿಳಿ ಪೊರೆ ಇದೆಯೇ? ಗಡಸು ನೀರು ಕಾಫಿಯ ಆಮ್ಲವನ್ನು ಕೊಂದು ಸೀಮೆಸುಣ್ಣದ ರುಚಿ ಕೊಡುತ್ತದೆ. ಅದಕ್ಕೆ ವಿರುದ್ಧವಾಗಿ, ಖನಿಜವನ್ನೆಲ್ಲ ತೆಗೆದುಹಾಕಿದ ಆರ್‌ಓ ನೀರಿನಲ್ಲೂ ಕಾಫಿ ಪೇಲವ. ಲೀಟರಿಗೆ 150 ಮಿ.ಗ್ರಾಂ ಸುತ್ತಮುತ್ತ ಖನಿಜಾಂಶವಿರುವ ನೀರು ಒಳ್ಳೆಯದೆಂದು ಕಾಫಿಯವರು ಹೇಳುತ್ತಾರೆ. ಅಳೆಯುವ ತಾಪತ್ರಯ ಬೇಡವಾದರೆ, ಬೇರೆ ಬಡಾವಣೆಯಲ್ಲಿರುವ ನೆಂಟರ ಮನೆಯಿಂದ ಒಂದು ಬಾಟಲಿ ನೀರು ತಂದು ಅದೇ ಪುಡಿಯಲ್ಲಿ ಇಳಿಸಿ ನೋಡಿ.

ಕಾಫಿಯಲ್ಲಿ ಇಂಗು, ಗೋಣಿಚೀಲ, ಮಣ್ಣು

ಇಂಗು, ಮೆಂತ್ಯ, ಕೊತ್ತಂಬರಿ ಬೀಜದ ವಾಸನೆಯಾದರೆ ಹುಡುಕಬೇಕಾದ್ದೇನಿಲ್ಲ: ಸಾರಿನ ಪುಡಿ ಮಾಡಿದ ಮಿಕ್ಸಿ ಜಾರಿನಲ್ಲೇ ಕಾಫಿ ಬೀಜ ಹಾಕಿದ್ದೀರಿ. ಕಾಫಿ ಅಕ್ಕಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಜಾರನ್ನು ಎಷ್ಟು ತೊಳೆದರೂ ಮುಚ್ಚಳದ ರಬ್ಬರ್ ರಿಂಗಿನಲ್ಲಿ ಇಂಗು ಉಳಿದಿರುತ್ತದೆ. ರಿಂಗ್ ತೆಗೆದು ಸೋಡದಲ್ಲಿ ನೆನೆಸಿ, ಒಂದು ಹಿಡಿ ಅಕ್ಕಿ ಹಾಕಿ ಜಾರನ್ನು ಒಮ್ಮೆ ತಿರುಗಿಸಿ. ಕಾಫಿಗೆಂದೇ ಒಂದು ಚಿಕ್ಕ ಜಾರ್ ಇಟ್ಟುಬಿಡುವುದು ಉತ್ತಮ.

ಹಳೆ ಎಣ್ಣೆಯ ಕಮಟು ವಾಸನೆ ಬಂದರೆ ಡಬ್ಬಿಯ ಗೋಡೆಗೆ ಅಂಟಿದ ಜಿಡ್ಡು. ಹೊಸ ಬೀಜವನ್ನು ಹಳೆಯ ಡಬ್ಬಿಗೆ ತೊಳೆಯದೆ ಸುರಿಯಬಾರದು.

ಬೂಷ್ಟು ವಾಸನೆ ಗಂಭೀರ. ಮಲೆನಾಡಿನ ನೆಂಟರು ತೋಟದ ಚೆರಿ ಕಾಫಿ (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು) ಕಳಿಸಿದಾಗ, ಅದರಲ್ಲೂ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದ ವರ್ಷ, ಹೀಗಾಗುವುದುಂಟು. ಸರಿಯಾಗಿ ಒಣಗಿದ ಬೀಜವನ್ನು ಹಲ್ಲಿನಲ್ಲಿ ಕಚ್ಚಿದರೆ ಕಲ್ಲಿನಷ್ಟು ಗಟ್ಟಿ. ಹಲ್ಲಿನ ಗುರುತು ಮೂಡಿದರೆ ಇನ್ನೂ ತೇವವಿದೆ. ತೇವ ಮಾತ್ರವಾದರೆ ಬಿಸಿಲಿಗೆ ಹಾಕಿ. ಬಿಳಿ, ಹಸಿರು ಬೂಷ್ಟು ಕಂಡರೆ ಪೂರ್ತಿ ಎಸೆಯಿರಿ. ಆರಿಸಿ ತೆಗೆದು ಉಳಿದದ್ದನ್ನು ಹುರಿಯುತ್ತೇನೆ ಅನ್ನಬೇಡಿ, ಬೂಷ್ಟು ಬಿಡುವ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಒಂದು ಅಪವಾದವಿದೆ. ಹಸಿಬೀಜ ಹಳದಿಗಟ್ಟಿ ಉಬ್ಬಿಕೊಂಡಿದ್ದು, ಹುಳಿಯೇ ಇಲ್ಲದೆ ಮಣ್ಣಿನ ಘಮ ಕೊಡುತ್ತಿದ್ದರೆ, ಪೊಟ್ಟಣದ ಮೇಲೆ ಮಾನ್ಸೂನ್ಡ್ ಮಲಬಾರ್ ಎಂದಿದೆಯೇ ನೋಡಿ. ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ಬೇಕೆಂದೇ ಒಡ್ಡಿ ಮಾಡಿದ ಕಾಫಿ ಅದು. ಕೆಟ್ಟದ್ದಲ್ಲ.

ಲೋಟದ ತಳದಲ್ಲಿ ಗಸಿ

ಸ್ವಲ್ಪ ಗಸಿ ಸಹಜ. ಕೊನೆಯ ಗುಟುಕು ಬಾಯಲ್ಲಿ ಕರಕರ ಅಂದರೆ ಮಾತ್ರ ನೋಡಿ: ನೀರು ಸುರಿದ ಮೇಲೆ ಚಮಚದಲ್ಲಿ ಕಲಕಿದಿರಾ, ಸೂಜಿಯಿಂದ ತೂತು ದೊಡ್ಡದಾಗಿದೆಯೇ, ಮಿಕ್ಸಿಯಲ್ಲಿ ಪುಡಿ ಮಾಡಿದ್ದೇ. ಮಿಕ್ಸಿಯ ಬ್ಲೇಡ್ ಬೀಜವನ್ನು ಅರೆಯುವುದಿಲ್ಲ, ಚೂರು ಮಾಡುತ್ತದೆ. ಅದರಲ್ಲಿ ಅರ್ಧ ಹಿಟ್ಟು, ಅರ್ಧ ನುಚ್ಚು. ಹಿಟ್ಟಿನಿಂದ ಕಹಿ, ನುಚ್ಚಿನಿಂದ ಹುಳಿ, ಒಂದೇ ಲೋಟದಲ್ಲಿ ಎರಡೂ. ಸಣ್ಣ ಜರಡಿ ಹಿಡಿದು ನುಚ್ಚನ್ನು ಮತ್ತೆ ತಿರುಗಿಸಿದರೆ ಸ್ವಲ್ಪ ವಾಸಿ.

ಹಾಲು ಹಾಕಿದೊಡನೆ ಒಡೆಯಿತು

ಕಾರಣ ಹಾಲೋ ಡಿಕಾಕ್ಷನ್ನೋ ಎಂದು ಮೊದಲು ಬೇರ್ಪಡಿಸಿ. ಒಂದು ಸೌಟು ಹಾಲನ್ನು ಬೇರೆಯಾಗಿ ಕಾಯಿಸಿ. ಒಡೆದರೆ ಹಾಲೇ ಹಳತು. ಒಡೆಯದಿದ್ದರೆ ಡಿಕಾಕ್ಷನ್ ಹುಳಿಯಾಗಿದೆ. ಎರಡೂ ತಾಜಾ ಇದ್ದರೆ ಬೆಲ್ಲ. ಬೆಲ್ಲದ ಕಾಫಿ ಮಾಡುವವರಿಗೆ ಈ ಕಾಟ ಗೊತ್ತು. ಬೆಲ್ಲದಲ್ಲೂ ಆಮ್ಲವಿರುತ್ತದೆ, ಕುದಿಯುವ ಹಾಲಿಗೆ ಬಿದ್ದರೆ ಹಾಲು ತಡೆಯುವುದಿಲ್ಲ. ಬೆಲ್ಲವನ್ನು ಬಿಸಿ ಡಿಕಾಕ್ಷನ್ನಿನಲ್ಲಿ ಕರಗಿಸಿ ಸೋಸಿ, ಒಲೆಯಿಂದ ಇಳಿಸಿ ಒಂದೆರಡು ನಿಮಿಷ ಆರಿದ ಹಾಲನ್ನು ಬೆರೆಸಿ, ಬೆರೆಸಿದ ಮೇಲೆ ಮತ್ತೆ ಕುದಿಸಬೇಡಿ. ಕೊಡಗು–ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬೆಲ್ಲದ ಕಾಫಿಗೆ ಹಾಲೇ ಹಾಕುವುದಿಲ್ಲ, ಅದೂ ಒಂದು ಪರಿಹಾರ.

ಮಿಕ್ಸಿ ನಿಂತಿತು, ಕೈಮಿಷನ್ ಸಿಕ್ಕಿಕೊಂಡಿತು

ಮಿಕ್ಸಿ ತಟ್ಟನೆ ನಿಂತರೆ ಮೊದಲು ಪ್ಲಗ್ ಕೀಳಿ. ಜಾರ್ ತೆಗೆದು ಅರ್ಧ ಬೀಜ ಹೊರಹಾಕಿ. ಸಾಮಾನ್ಯವಾಗಿ ಮಿಕ್ಸಿಯ ತಳದಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ, ಹೊರೆ ಹೆಚ್ಚಾದಾಗ ಅದು ಜಿಗಿದು ಮೋಟರನ್ನು ಉಳಿಸುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಒತ್ತಿ. ಮತ್ತೆ ಮತ್ತೆ ಜಿಗಿದರೆ, ಕಿಡಿ ಕಂಡರೆ, ವೈರ್ ಸುಟ್ಟ ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಿ, ರಿಪೇರಿಯವರ ಹತ್ತಿರ ಒಯ್ಯಿರಿ. ಬಿಚ್ಚಿ ನೋಡುವ ಸಾಹಸ ಬೇಡ. ಬೀಜವನ್ನು ಒಂದೇ ಸಮನೆ ತಿರುಗಿಸದೆ ಐದೈದು ಸೆಕೆಂಡು ಬಿಟ್ಟುಬಿಟ್ಟು ತಿರುಗಿಸಿದರೆ ಮೋಟರಿಗೂ ಒಳ್ಳೆಯದು, ಪುಡಿಯೂ ಬಿಸಿಯಾಗುವುದಿಲ್ಲ.

ಕೈಮಿಷನ್ ‘ಕಟಕ್’ ಎಂದು ನಿಂತರೆ ಕಲ್ಲು ಸಿಕ್ಕಿರಬಹುದು. ಕಣದಲ್ಲಿ ಒಣಗಿಸಿದ ಕಾಫಿಯಲ್ಲಿ ಚಿಕ್ಕ ಕಲ್ಲು ಬರುವುದು ಅಪರೂಪವಲ್ಲ, ಹುರಿದ ಮೇಲೆ ಬಣ್ಣದಲ್ಲಿ ಬೀಜದಿಂದ ಬೇರೆ ಕಾಣುವುದೂ ಇಲ್ಲ. ಬಲವಂತ ಮಾಡದೆ ಹಿಂದಕ್ಕೆ ತಿರುಗಿಸಿ, ಬಿಚ್ಚಿ ತೆಗೆಯಿರಿ. ಪ್ರತಿ ಸಲವೂ ಬೀಜವನ್ನು ಮೊರದಲ್ಲೋ ತಟ್ಟೆಯಲ್ಲೋ ಹರಡಿ ಕಣ್ಣಾಡಿಸುವುದು ಅರ್ಧ ನಿಮಿಷದ ಕೆಲಸ. ಹಸಿಬೀಜವನ್ನು ಕೈಮಿಷನ್ನಿಗೆ ಎಂದೂ ಹಾಕಬೇಡಿ, ಹಲ್ಲು ಮುರಿಯುತ್ತದೆ.

ಮನೆಯಲ್ಲಿ ಹುರಿದದ್ದು: ಕೆಲವು ಕಪ್ಪು, ಕೆಲವು ಹಸಿ

ಬಾಣಲೆ ತೆಳ್ಳಗಿದ್ದರೆ, ಬೀಜ ಎರಡು ಪದರಕ್ಕಿಂತ ಹೆಚ್ಚಿದ್ದರೆ, ಕೈ ನಿಂತರೆ ಹೀಗಾಗುತ್ತದೆ. ದಪ್ಪ ಕಬ್ಬಿಣದ ಬಾಣಲೆ, ಮಧ್ಯಮ ಉರಿ, ಬಿಡದೆ ಕೈಯಾಡಿಸುವುದು. ದುಂಡಗಿನ ಪೀಬೆರಿ (ಹಣ್ಣಿನೊಳಗೆ ಎರಡರ ಬದಲು ಒಂದೇ ಆಗಿ ಬೆಳೆದ ಬೀಜ) ತಾನೇ ಉರುಳುವುದರಿಂದ ಸಮವಾಗಿ ಹುರಿಯುತ್ತದೆ, ಚಪ್ಪಟೆ ಮುಖದ ಬೀಜ ಒಂದೇ ಕಡೆ ಕೂತು ಸೀಯುತ್ತದೆ. ಎರಡನ್ನೂ ಬೆರೆಸಿ ಹುರಿಯಬೇಡಿ. ಸುಮಾರು 200 ಡಿಗ್ರಿಯಲ್ಲಿ ಬೀಜ ಚಟಪಟ ಸಿಡಿಯುತ್ತದೆ. ಆ ಸದ್ದು ನಿಂತು ಸ್ವಲ್ಪ ಹೊತ್ತಿಗೆ, ನಿಮಗೆ ಬೇಕಾದ ಬಣ್ಣಕ್ಕಿಂತ ತುಸು ಮುಂಚೆಯೇ ಇಳಿಸಿ ಮೊರಕ್ಕೆ ಹಾಕಿ ಕೇರಿ. ಬೀಜದೊಳಗಿನ ಶಾಖ ಇಳಿಸಿದ ಮೇಲೂ ಹುರಿಯುತ್ತಲೇ ಇರುತ್ತದೆ, ಕೇರಿದರೆ ಆರುವುದೂ ಆಯಿತು ಹೊಟ್ಟು ಹೋಗುವುದೂ ಆಯಿತು.

ಕಿಟಕಿ ತೆಗೆದಿಡಿ, ಹೊಗೆ ಬಹಳ. ಹಾರಿದ ಹೊಟ್ಟು ಬರ್ನರಿಗೆ ಬಿದ್ದು ಹೊತ್ತಿಕೊಳ್ಳುತ್ತದೆ. ಬಾಣಲೆಯಲ್ಲೇ ಬೆಂಕಿ ಎದ್ದರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ, ನೀರು ಎರಚಬೇಡಿ. ಹುರಿದ ದಿನವೇ ಗಾಜಿನ ಬಾಟಲಿಗೆ ಬಿಗಿಯಾಗಿ ತುಂಬಲೂಬೇಡಿ, ಬೀಜ ಬಿಡುವ ಅನಿಲಕ್ಕೆ ಜಾಗ ಬೇಕು.

ಬಿಸಿನೀರೋ ಡಿಕಾಕ್ಷನ್ನೋ ಮೈಮೇಲೆ ಬಿದ್ದರೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ತುಪ್ಪ ಹಚ್ಚಬೇಡಿ. ಮುಖಕ್ಕೆ ಬಿದ್ದರೆ, ಮಕ್ಕಳಿಗೆ ಬಿದ್ದರೆ, ಅಂಗೈಗಿಂತ ದೊಡ್ಡ ಜಾಗ ಬೊಬ್ಬೆಯೆದ್ದರೆ ಆಸ್ಪತ್ರೆಗೆ.

ಕಾಫಿ ಚೆನ್ನಾಗಿದೆ, ಎದೆ ಡವಡವ

ಇತ್ತೀಚೆಗೆ ಪುಡಿ ಬದಲಿಸಿದ್ದೀರಾ? ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡು ಪಟ್ಟು. ಅಷ್ಟೇ ಲೋಟ ಕುಡಿದರೂ ಒಳಗೆ ಹೋಗುವುದು ಹೆಚ್ಚು. ಮಿಶ್ರಣ ಬದಲಿಸಿ, ಸಂಜೆಯ ಕಾಫಿ ಬಿಟ್ಟು ನೋಡಿ. ಆದರೂ ಹೋಗದಿದ್ದರೆ ಅದು ಕಾಫಿಯ ವಿಷಯವಲ್ಲ, ಡಾಕ್ಟರನ್ನು ನೋಡಿ. ಎದೆನೋವು, ತಲೆಸುತ್ತು ಜತೆಗಿದ್ದರೆ ಕಾಯಬೇಡಿ.

ಇಷ್ಟೂ ನೋಡಿದ ಮೇಲೆ, ಅಂಗಡಿಗೆ

ಈಗ ಬೀಜದ ಸರದಿ. ನೀವು ನಂಬುವ, ಕಣ್ಣೆದುರೇ ಹುರಿದು ಪುಡಿ ಮಾಡಿಕೊಡುವ ಅಂಗಡಿಯಲ್ಲಿ ಫಿಲ್ಟರಿಗೆಂದು ಹೇಳಿ 50 ಗ್ರಾಂ ಪುಡಿ ತನ್ನಿ, ಚಿಕೋರಿ ಬೇಡ. ಅದೇ ಫಿಲ್ಟರ್, ಅದೇ ನೀರಿನಲ್ಲಿ ಇಳಿಸಿ. ಚೆನ್ನಾಗಿ ಬಂದರೆ ದೋಷ ನಿಮ್ಮ ಬೀಜದಲ್ಲಿದೆ ಅಥವಾ ನೀವು ಪುಡಿ ಮಾಡುವುದರಲ್ಲಿದೆ. ಯಾವುದೆಂದು ತಿಳಿಯಲು ನಿಮ್ಮ ಬೀಜವನ್ನೇ ಒಯ್ದು ಅವರ ಮಿಷನ್ನಿನಲ್ಲಿ ಪುಡಿ ಮಾಡಿಸಿ. ಆಗಲೂ ಕೆಟ್ಟರೆ ಬೀಜವೇ ಸರಿಯಿಲ್ಲ.

ಹೊಸ ಬೀಜ ಕೇಳುವಾಗ ‘ಒಳ್ಳೇ ಕಾಫಿ ಕೊಡಿ’ ಅಂದರೆ ಅಂಗಡಿಯವರು ತಮಗೆ ಒಳ್ಳೆಯದೆನಿಸಿದ್ದನ್ನು ಕೊಡುತ್ತಾರೆ. ಪ್ಲಾಂಟೇಶನ್ (ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಅರೇಬಿಕಾ) ಎಷ್ಟು, ಪೀಬೆರಿ ಎಷ್ಟು, ರೊಬಸ್ಟಾ ಎಷ್ಟು, ಯಾವತ್ತು ಹುರಿದದ್ದು, ಎಷ್ಟು ಕಡು ಎಂದು ಕೇಳಿ. ಹಾಲಿನ ಕಾಫಿಗೆ ನಾನು ಹೇಳುವುದು ಮುಕ್ಕಾಲು ಅರೇಬಿಕಾ, ಕಾಲು ರೊಬಸ್ಟಾ, ಮಧ್ಯಮಕ್ಕಿಂತ ಒಂದು ಮಟ್ಟ ಕಡು. ಮೊದಲ ಸಲ 100 ಗ್ರಾಂ ಮಾತ್ರ ಕಟ್ಟಿಸಿ. ಮನೆಯಲ್ಲಿ ಎಲ್ಲರೂ ಎರಡು ಮೂರು ದಿನ ಕುಡಿದು ಒಪ್ಪಿದ ಮೇಲೆ ಅರ್ಧ ಕಿಲೋ ತನ್ನಿ.